ಗಾಜಕ್ಕ ಕೆರೆಗೆ ಬಿಟ್ಟ ಮೀನುಗಳು

ಊರಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗಾಜಕ್ಕ ಎಂದೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಬಣ್ಣದ ಮೀನಿನ ಅಂಗಡಿ. ಗೋಡೆ ತುಂಬ ಗಾಜಿನ ತೊಟ್ಟಿಗಳು, ಒಂದೊಂದರಲ್ಲೂ ಗುಳುಗುಳು ಎನ್ನುವ ಗಾಳಿಗುಳ್ಳೆ. ಗಿರಾಕಿ ಬಂದರೆ ಮೊದಲು ಮೀನಿನ ಯೋಗಕ್ಷೇಮ ಹೇಳಿ, ಬೆಲೆಯನ್ನು ಆಮೇಲೆ ಹೇಳುವ ಹೆಂಗಸು. ಮೀನಿಗೆ ಹೊತ್ತಿಗೆ ಸರಿಯಾಗಿ ಕಾಳು ಹಾಕದವರನ್ನು ಬೈದು ಕಳಿಸುತ್ತಿದ್ದಳು. ಇಂಥವಳ ವ್ಯಾಪಾರ ಹೇಗೆ ನಡೆಯಿತು ಎಂದು ನನ್ನನ್ನು ಕೇಳಬೇಡಿ. ನಡೆಯಿತು.

ಅವಳು ಹೆಚ್ಚು ಮಾರಿದ್ದು ಸಕ್ಕರ್ ಮೀನು. ಮೈಮೇಲೆ ಒರಟು ಚಿಪ್ಪು, ಹೊಟ್ಟೆಯ ಕಡೆ ಬಾಯಿ. ಗಾಜಿನ ಪಾಚಿಯನ್ನೆಲ್ಲ ನೆಕ್ಕಿ ತೊಟ್ಟಿಯನ್ನು ಫಳಫಳ ಹೊಳೆಯುವಂತೆ ಇಡುತ್ತದೆ. ಕೊಳ್ಳುವಾಗ ಬೆರಳುದ್ದ; ಎರಡು ವರ್ಷದಲ್ಲಿ ಮೊಳದುದ್ದ. ತೊಟ್ಟಿಯಲ್ಲಿ ತಿರುಗಲೂ ಜಾಗವಿಲ್ಲದಾಗ ಗಿರಾಕಿಗಳು ಬಕೆಟ್ಟಿನಲ್ಲಿ ತಂದಿಟ್ಟು, "ಅಕ್ಕಾ, ನೀವೇ ಏನಾದ್ರೂ ಮಾಡಿ" ಎಂದು ಜಾರಿಕೊಳ್ಳುತ್ತಿದ್ದರು. ಸಾಯಿಸಲು ಅವಳಿಗೆ ಕೈ ಬರಲಿಲ್ಲ. ಸ್ಕೂಟರಿನ ಮುಂದೆ ಬಕೆಟ್ ಇಟ್ಟುಕೊಂಡು ಕೆರೆಗೆ ಹೋಗಿ, "ಹಾಯಾಗಿರು ಹೋಗು ಮಗಾ" ಎಂದು ಬಿಟ್ಟು ಬರುತ್ತಿದ್ದಳು. ಆರು ವರ್ಷದಲ್ಲಿ ಇಪ್ಪತ್ತಮೂರು ಮೀನು. ಬಿಟ್ಟ ದಿನ ಅವಳಿಗೆ ಒಳ್ಳೆಯ ನಿದ್ದೆ.

ಅದೇ ಕೆರೆಯಲ್ಲಿ ಬಲೆ ಹಾಕುವುದು ಅವಳ ತಮ್ಮನ ಕಸುಬು. ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಊಟಕ್ಕೆ ಬಂದವನು ತಟ್ಟೆಯ ಮುಂದೆ ಕೂತು ಗುಡುಗಿದ.

"ಬಲೆ ಎಳೆದ್ರೆ ಬರೀ ಸಕ್ಕರ್ ಕಣೇ ಅಕ್ಕಾ. ಅದರ ಮುಳ್ಳಿಗೆ ಸಿಕ್ಕಿ ಬಲೆಯೆಲ್ಲ ಚಿಂದಿ. ನಮ್ಮ ಮೀನಿನ ಮೊಟ್ಟೆ ನುಂಗುತ್ತೆ, ದಡದಲ್ಲಿ ಬಿಲ ತೋಡುತ್ತೆ, ಏರಿನೇ ಕುಸೀತಾ ಇದೆ. ಎಲ್ಲ ವರ್ಷಾ ವರ್ಷಾ ನಮ್ಮ ಕೆರೆಗೆ ಮರಿ ತಂದು ಹಾಕ್ತಾನಲ್ಲ, ಆ ಮೀನುಮರಿ ಮಾರೋನ ಕೆಲಸ. ಮರಿ ಜೊತೆ ಇದನ್ನೂ ಬೆರೆಸಿ ಸುರಿದಿದಾನೆ. ನಾಳೆ ನಮ್ಮ ಮೀನುಗಾರರ ಸಂಘದ ಸಭೆ. ಇನ್ನು ಅವನು ಈ ಕೆರೆ ಕಡೆ ತಲೆ ಹಾಕಬಾರದು, ಹಾಗೆ ಮಾಡ್ತೀವಿ."

ಗಾಜಕ್ಕ ತನ್ನ ತಟ್ಟೆ ಸರಿಸಿ ಎದ್ದಳು. ತಮ್ಮನಿಗೆ ಇನ್ನೊಂದು ಸೌಟು ಬಡಿಸಿದಳು. ಬೇಡ ಬೇಡ ಎಂದರೂ ಮತ್ತೊಂದು ಬಡಿಸಿದಳು. ಬಾಯಿ ಬಿಟ್ಟರೆ ಇರುವ ಒಬ್ಬ ತಮ್ಮ ದೂರವಾಗುತ್ತಾನೆ. ಬಿಡದಿದ್ದರೆ ಏನೂ ಅರಿಯದವನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನ ಸಂಘದ ಕೋಣೆಯಲ್ಲಿ ಮೀನುಮರಿ ಮಾರುವವನು ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ, ಗಾಜಕ್ಕ ಬಾಗಿಲಲ್ಲೇ ನಿಂತು ಹೇಳಿಬಿಟ್ಟಳು:

"ಅವರದೇನೂ ತಪ್ಪಿಲ್ಲ. ಬಿಟ್ಟೋಳು ನಾನು. ಇಪ್ಪತ್ಮೂರು. ಪಾಪ ಅಂತ ಬಿಟ್ಟೆ."

ಎಲ್ಲರೂ ತಮ್ಮನ ಮುಖ ನೋಡಿದರು. ತಮ್ಮ ಅಕ್ಕನ ಮುಖ ನೋಡಿದ.

"ಇಪ್ಪತ್ಮೂರು ಹೋಗಿ ಎರಡು ಸಾವಿರ ಆಯ್ತಲ್ಲೇ," ಎಂದ ಕೊನೆಗೆ. "ನಿನ್ನ ಕೈಗುಣ ಇಷ್ಟು ಚೆನ್ನಾಗಿದೆ ಅಂತ ಗೊತ್ತಿದ್ರೆ ನಮ್ಮ ಮೀನಿನ ಮರೀನೂ ನಿನ್ನ ಕೈಯಲ್ಲೇ ಬಿಡಿಸ್ತಿದ್ದೆ."

ಮೊದಲು ನಕ್ಕವನು ಮೀನುಮರಿ ಮಾರುವವನೇ. ಆಮೇಲೆ ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ತಮ್ಮ ಮಾತ್ರ ನಗಲಿಲ್ಲ. "ಬುಧವಾರ ಬೆಳಿಗ್ಗೆ ಆರಕ್ಕೆ ದೋಣಿ ಹತ್ರ ಬಾ," ಎಂದಷ್ಟೇ ಹೇಳಿ ಎದ್ದು ಹೋದ.

ಎರಡು ದಿನ ಆ ಮಾತಿನಲ್ಲಿ ಸಿಟ್ಟೆಷ್ಟು ಎಂದು ಅಳೆದು ಸುರಿದು, ಈಜು ಬಾರದ ಗಾಜಕ್ಕ ಬುಧವಾರ ರಬ್ಬರ್ ಕೈಗವಸು ಹಾಕಿಕೊಂಡು ಹೋದಳು. ದೋಣಿ ಅಲುಗಾಡಿದಾಗಲೆಲ್ಲ ತಮ್ಮನ ಅಂಗಿ ಹಿಡಿದುಕೊಂಡಳು. ಸಕ್ಕರ್ ಹಿಡಿದು ತೆಗೆಯಲೆಂದೇ ಹಾಕಿದ ಬಲೆ ಮೇಲೆ ಬಂತು. ಬಿಡಿಸಿದ ಮೊದಲ ಸಕ್ಕರ್ ಅವಳ ಕೈಗವಸಿಗೆ ಬಾಯಿ ಅಂಟಿಸಿ ಸುಮ್ಮನಾಯಿತು. ಯಾರೂ ತಿನ್ನದ ಇದು ಇನ್ನು ಹೋಗುವುದು ಗೊಬ್ಬರದ ಗುಂಡಿಗೆ ಎಂದು ನೆನಪಾಗಿ ಗಾಜಕ್ಕ ಗೊಳೋ ಎಂದು ಅತ್ತುಬಿಟ್ಟಳು.

ತಮ್ಮ ಹುಟ್ಟು ಕೆಳಗಿಟ್ಟ. ಮೀನನ್ನು ಕಿತ್ತು ಡ್ರಮ್ಮಿಗೆ ಹಾಕಿ, ಬಲೆಯ ತುದಿಯನ್ನು ಅವಳ ಕೈಗೆ ಕೊಟ್ಟ.

"ಅಳೋದಿದ್ರೆ ಅಳು ಅಕ್ಕಾ, ಪರವಾಗಿಲ್ಲ. ಬಲೆ ಮಾತ್ರ ಗಟ್ಟಿಯಾಗಿ ಹಿಡ್ಕೋ. ನಾನಿದೀನಿ."

ಅವಳು ಮೂಗು ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಮುಂದಿನ ಬುಧವಾರ ತಮ್ಮ ಬರುವಷ್ಟರಲ್ಲಿ ಅವಳಾಗಲೇ ದೋಣಿ ಹತ್ತಿ ಕೂತಿದ್ದಳು.