ಬೇಸಿನ್ ಪಕ್ಕದ ಟೇಬಲ್ಲು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಲೆಗಾಗಿ ಸರ್ವಸ್ವವನ್ನೂ ತ್ಯಾಗ ಮಾಡಲು ಸಿದ್ಧನಾಗಿದ್ದೆ. ತೊಂದರೆಯೆಂದರೆ, ಕುರ್ಲಾದ ಚಾಳಿನಲ್ಲಿ ಒಂದೇ ಖೋಲಿಗೆ ಆರು ಜನರಿದ್ದ ನಮ್ಮಲ್ಲಿ, ನನ್ನದೆಂದು ತ್ಯಾಗ ಮಾಡಲು ಒಂದು ಚಾಪೆ, ಒಂದು ಟ್ರಂಕು ಬಿಟ್ಟರೆ ಬೇರೇನೂ ಇರಲಿಲ್ಲ. ಟ್ರಂಕಿನ ಮೇಲೆ ಹಾಳೆಯಿಟ್ಟು ಬಣ್ಣ ಹಚ್ಚಿದರೆ ಅದರ ಉಬ್ಬುತಗ್ಗುಗಳೂ ಚಿತ್ರದಲ್ಲಿ ಭಾಗವಹಿಸುತ್ತಿದ್ದವು.

ಆಗಲೇ ಮೊನೊಪ್ರಿಂಟ್ ಎಂಬ ವಿದ್ಯೆಯ ಹುಚ್ಚು ಹಿಡಿಯಿತು. ನುಣುಪಾದ ಕಲ್ಲಿಗೆ ಶಾಯಿ ಬಳಿದು, ಅದರಲ್ಲಿ ಚಿಂದಿಯಿಂದಲೂ ಕಡ್ಡಿಯಿಂದಲೂ ಚಿತ್ರ ಬಿಡಿಸಿ, ಮೇಲೆ ಕಾಗದ ಹಾಸಿ ಬೆನ್ನು ಉಜ್ಜಬೇಕು. ಬರುವುದು ಒಂದೇ ಪ್ರತಿ. ನಾನು ಬೆಳಗಿನ ಪಾಳಿ ಮಾಡುತ್ತಿದ್ದ ಮುದ್ರಣಾಲಯದ ಮೇಸ್ತ್ರಿಗೆ ಇದನ್ನು ವಿವರಿಸಿದಾಗ, ಸಾವಿರಗಟ್ಟಲೆ ಪ್ರತಿ ತೆಗೆಯುವ ಆ ಮನುಷ್ಯ ನನ್ನನ್ನು ಕನಿಕರದಿಂದ ನೋಡಿ, ಡಬ್ಬಿಯ ತಳದ ಕಪ್ಪು ಶಾಯಿಯನ್ನು ದಾನ ಮಾಡಿದ.

ಕಲ್ಲು ಸಿಕ್ಕಿದ್ದು ನಾನು ಊಟ ಮಾಡುತ್ತಿದ್ದ ಉಡುಪಿ ಹೋಟೆಲಿನಲ್ಲಿ; ಅಲ್ಲಿನ ಟೇಬಲ್ಲುಗಳಿಗೆಲ್ಲ ಅಮೃತಶಿಲೆಯ ಹಾಸಿತ್ತು. "ಮೂರರಿಂದ ನಾಲ್ಕರವರೆಗೆ ಗಿರಾಕಿ ಇರುದಿಲ್ಲ. ಕೈತೊಳೆಯುವ ಬೇಸಿನ್ ಪಕ್ಕದ ಟೇಬಲ್ಲು ನಿಮ್ಗೆ," ಎಂದು ಹೋಟೆಲಿನ ಧಣಿಗಳು ಅಪ್ಪಣೆ ಕೊಟ್ಟರು. "ನಾಲ್ಕಕ್ಕೆ ಗೋಳಿಬಜೆ ಶುರು. ಮತ್ತೆ ನಿಮ್ಮ ಆರ್ಟ್-ಗೀರ್ಟ್ ಎಲ್ಲ ಬಂದ್!"

ಆ ವರ್ಷ ಉಪನಗರದ ಒಂದು ಕನ್ನಡ ಸಂಘದವರು ಚಿತ್ರಪ್ರದರ್ಶನ ಇಟ್ಟಿದ್ದರು. ಹಿಂದಿನ ಎರಡು ವರ್ಷ ನನ್ನ ಚಿತ್ರಗಳು ಹೋದ ಲೋಕಲ್ ರೈಲಿನಲ್ಲೇ ವಾಪಸಾಗಿದ್ದವು. ಈ ಸಲವಾದರೂ ನನಗೆ ಒಂದು ಮೊಳೆಯಷ್ಟು ಗೋಡೆ ಬೇಕಿತ್ತು. ಶನಿವಾರ ಸಂಜೆಯೊಳಗೆ ಚಿತ್ರ ತಲುಪಬೇಕು.

ಶನಿವಾರ ಮೂರಕ್ಕೆ ಕುಳಿತು ಸ್ಟೇಷನ್ನಿನ ಸೇತುವೆಯನ್ನು ಅದರ ಸಮಸ್ತ ಜನಸಂದಣಿಯೊಂದಿಗೆ ಕಲ್ಲಿನ ಮೇಲೆ ಬಿಡಿಸಿದೆ. ಇನ್ನು ಕಾಗದ ಹಾಸಬೇಕು. ಕೈಯೆಲ್ಲ ಮಸಿ. ಎದ್ದು ಬೇಸಿನ್ನಿನತ್ತ ಎರಡು ಹೆಜ್ಜೆ ಇಟ್ಟೆ. ಹಿಂದೆ ಒದ್ದೆ ಬಟ್ಟೆಯ ಸದ್ದಾಯಿತು.

ಟೇಬಲ್ ಒರೆಸುವ ಹಿರಿಯರು ಆ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ಗಿರಾಕಿ ಎದ್ದರೆ ಒರೆಸಬೇಕೆಂಬುದು ಅವರ ವೃತ್ತಿಧರ್ಮ. ಗಿರಾಕಿ ತೃಪ್ತಿಯಿಂದ ಸ್ವಲ್ಪ ಹಿಂದಕ್ಕೆ ಒರಗಿದರೂ ಅವರ ಬಟ್ಟೆ ಭುಜದಿಂದ ಇಳಿಯುತ್ತಿತ್ತು.

"ಅಯ್ಯೋ, ಎಂಥ ಕೆಲಸ ಮಾಡಿದಿರಿ!" ಎಂದು ತಿರುಗಿದೆ.

"ನೀವು ಎದ್ರಲ್ಲ ಮಾರಾಯ್ರೆ!" ಎಂದರು. ಆದರೆ ಅವರ ಗಮನ ನನ್ನ ಮೇಲಿರಲಿಲ್ಲ. ಎಣ್ಣೆಯ ಶಾಯಿ ನೀರಿನ ಬಟ್ಟೆಗೆ ಬಗ್ಗದೆ ಬರೀ ಹರಡಿತ್ತು. ಈ ಮೂಲೆಯಿಂದ ಆ ಮೂಲೆಗೆ ಬಿಲ್ಲಿನಂಥ ಒಂದು ಎಳೆತ; ಅದರೊಳಗೆ ಸೇತುವೆಯೂ ಜನಸ್ತೋಮವೂ ಕರಗಿಹೋಗಿದ್ದವು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಒಂದು ಟೇಬಲ್ಲು ಅವರಿಗೆ ಎದುರಾಡಿತ್ತು. ಅವರು ಎರಡನೆಯ ಎಳೆತಕ್ಕೆ ಕೈ ಎತ್ತಿದರು.

"ಮುಟ್ಟಬೇಡಿ!" ಎಂದು ಕೂಗಿದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅಡುಗೆಮನೆಯಲ್ಲಿ ಬಜೆಯ ಎಣ್ಣೆ ಆಗಲೇ ಕಾಯುತ್ತಿತ್ತು. ಉಳಿದದ್ದರ ಮೇಲೆಯೇ ಕಾಗದ ಹಾಸಿ, ಕಾಫಿ ಲೋಟದ ತಳದಿಂದ ಬೆನ್ನು ಉಜ್ಜಿ, ಬಂದದ್ದನ್ನು ಹಿಡಿದು ಲೋಕಲಿಗೆ ಓಡಿದೆ.

ಚಿತ್ರ ಆಯ್ಕೆಯಾಯಿತು, ಅದೂ ಬಾಗಿಲಿಗೆ ನೇರ ಎದುರಿನ ಗೋಡೆಗೆ. "ಇಂಥ ಒಂದು ಗೆರೆಗೆ ಇಪ್ಪತ್ತು ವರ್ಷದ ಸಾಧನೆ ಬೇಕು," ಎಂದರು ತೀರ್ಪುಗಾರರು. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಅವರ ಅಂದಾಜು ಸರಿಯಾಗಿಯೇ ಇತ್ತು. ಸಾಧಕರು ಮಾತ್ರ ಬೇರೆ.

ನ್ಯಾಯವಾಗಿ ಹಿರಿಯರಿಗೂ ತೋರಿಸಬೇಕೆಂದು ಭಾನುವಾರ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆನಂದಬಾಷ್ಪಕ್ಕಾಗಿ ನಾನು ಕಾದೆ.

"ಇದು ನಾನು ಒರೆಸಿದ್ದಲ್ವಾ?"

"ನಿಮ್ಮದೇ."

"ತೆಗೀರಿ."

"ಯಾಕೆ?"

"ಅರ್ಧ ಒರೆಸಿ ಬಿಟ್ಟದ್ದನ್ನು ಗೋಡೆಗೆ ಹಾಕುದಾ? ನಿಮ್ಗೆ ಮಂಡೆ ಸಮ ಉಂಟಾ? ನಾಡಿದ್ದು ಊರವರೆಲ್ಲ ನನ್ನ ಮುಖಕ್ಕೆ ನಗ್ಲಿಕ್ಕೆ!"

"ಕೆಳಗೆ ಇರುವುದು ನನ್ನ ಹೆಸರು. ನಿಮ್ಮದೆಂದು ಯಾರಿಗೆ ಗೊತ್ತಾಗುತ್ತದೆ?"

"ಹೋಟ್ಲಿನವ್ರಿಗೆ ಗೊತ್ತಾಗ್ತದೆ."

ಇದು ಅತಿಯಾಯಿತೆಂದು ನಾನು ಕಲೆಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಆರಂಭಿಸಿದೆ. ಅಷ್ಟರಲ್ಲಿ ಬಿಳಿ ಮುಂಡು ಉಟ್ಟ ಇಬ್ಬರು ನಮ್ಮ ಪಕ್ಕ ಬಂದು ನಿಂತರು. ಮಾಟುಂಗಾ ಕಡೆಯ ಯಾವುದೋ ಹೋಟೆಲಿನವರಂತೆ. ಒಬ್ಬಾತ ತಲೆ ಓರೆ ಮಾಡಿ ಚಿತ್ರವನ್ನು ಪರಿಶೀಲಿಸಿದ.

"ಯಾವ ಹೋಟ್ಲಿನವ ಮಾರಾಯ ಇವ? ಬಟ್ಟೆ ಹಿಂಡಿಯೇ ಇಲ್ಲ!"

ಹಿರಿಯರು ನನ್ನ ಮುಖ ನೋಡಿದರು, ಅಷ್ಟೆ. ನಾನು ಕುರ್ಚಿ ಎಳೆದು, ಹತ್ತಿ, ಚಿತ್ರವನ್ನು ಇಳಿಸಿದೆ. ಸಂಘದ ಕಾರ್ಯದರ್ಶಿ ಓಡಿಬಂದು ಕಾರಣ ಕೇಳಿದರು. "ಕೆಲಸ ಪೂರ್ತಿಯಾಗಿಲ್ಲ," ಎಂದೆ. ಗೋಡೆಯ ಮೇಲೆ ನನ್ನದೆಂದು ಆ ಮೊಳೆ ಉಳಿಯಿತು.

ಸೋಮವಾರ ಮೂರಕ್ಕೆ ಹೋದಾಗ ಸೀಮೆಎಣ್ಣೆ ಹಾಕಿ ತಿಕ್ಕಿದ ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಪಕ್ಕ ಒಂದು ತಟ್ಟೆ, ಒಂದು ಚೊಂಬು ನೀರು, ಅರ್ಧ ತುಂಡು ಸೋಪು.

"ಕೈ ಇಲ್ಲೇ ತೊಳೀರಿ," ಎಂದರು ಹಿರಿಯರು, ಬಟ್ಟೆಯನ್ನು ಹನಿ ನೀರಿಲ್ಲದಂತೆ ಹಿಂಡುತ್ತ. "ಏಳ್ಬೇಡಿ."