ಗಸ್ತು ಗಂಗನ ಸುತ್ತಲಿನ ಕಪ್ಪು

ಮೊಮ್ಮಗಳ ಸೈನ್ಸ್ ರೆಕಾರ್ಡಿಗೆಂದು ತಂದ ಇಂಡಿಯನ್ ಇಂಕ್ ಬಾಟಲಿಯ ಮುಚ್ಚಳ ಬಿಗಿದುಕೊಂಡಿತ್ತು. ಬಿಸಿನೀರಿನಲ್ಲಿ ಅದ್ದಿ ತಿರುಗಿಸಿಕೊಟ್ಟೆ. ಕರ್ಪೂರಕ್ಕೆ ಸುಟ್ಟ ಬಟ್ಟೆ ಸೇರಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ, ಹಾಸನದ ನಮ್ಮ ಹಳೆಯ ಬೀದಿಯ ಎದುರುಮನೆ ಜಗಲಿ ಕಣ್ಣ ಮುಂದೆ ಬಂತು. ಜಗಲಿಯ ಮೇಲೊಂದು ಓರೆಹಲಗೆ, ಅದರ ಹಿಂದೆ ಬಗ್ಗಿ ಕೂತ ನಮ್ಮ ಆರ್ಟಿಸ್ಟ್...

ಬೀದಿಯೆಲ್ಲ ಅವರನ್ನು ಆರ್ಟಿಸ್ಟ್ ಎಂದೇ ಕರೆಯುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿ ಕಾನ್ವೆಂಟಿನಲ್ಲೇ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು, ಹಾಗಾಗಿ ಅವರಿಗೆ ನಾನು "ಮಿಸ್ಸೇ". ಆರ್ಟಿಸ್ಟ್ ಅರಕಲಗೂಡಿನ ಕಡೆಯವರು. ಬೆಂಗಳೂರಿನ ಒಂದು ಮಕ್ಕಳ ಮಾಸಪತ್ರಿಕೆಗೆ ಯೌವನದಿಂದಲೂ ಒಂದೇ ಕಾಮಿಕ್ ಬರೆದುಕೊಂಡು ಬಂದಿದ್ದರು. ಅದರ ಹೀರೋ ಗಸ್ತು ಗಂಗ, ರಾತ್ರಿ ಊರು ಕಾಯುವವನು. ಖಾಕಿ ಚಡ್ಡಿ, ಬೊಜ್ಜು, ಹುರಿಮೀಸೆ. ಕಳ್ಳ ಸಿಕ್ಕಿದರೆ ಹೊಡೆಯುವವನಲ್ಲ, ಪಕ್ಕದಲ್ಲಿ ಕೂತು "ಊಟ ಆಯ್ತಾ?" ಎಂದು ಕೇಳುವವನು. ಅಷ್ಟಕ್ಕೇ ಕಳ್ಳರು ಅತ್ತುಬಿಡುತ್ತಿದ್ದರು. ಇನ್ನೊಂದು ವಿಶೇಷವೆಂದರೆ ಗಂಗನ ರಾತ್ರಿಗಳೆಲ್ಲ ಬೆಳ್ಳಗಿರುತ್ತಿದ್ದವು. ಅಗ್ಗದ ಕಾಗದ, ಕಪ್ಪು ಹೆಚ್ಚಾದರೆ ಹಿಂದಿನ ಪುಟಕ್ಕೆ ಇಳಿಯುತ್ತದೆಂದು ಮೂಲೆಯಲ್ಲೊಂದು ಚಂದ್ರನನ್ನಿಟ್ಟು ರಾತ್ರಿ ಎಂದುಬಿಡುತ್ತಿದ್ದರು. ಮಕ್ಕಳೂ ಒಪ್ಪಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಪತ್ರಿಕೆಯ ಹಳೆಯ ಯಜಮಾನರು ತೀರಿಕೊಂಡು ಅವರ ಮಗ ಎಡಿಟರ್ ಆದ. ಒಂದು ದಿನ ಕಾರಿನಲ್ಲಿ ಬಂದಿಳಿದ. ಆತನ ಮಾತೆಲ್ಲ ಇಂಗ್ಲಿಷಿನಲ್ಲೇ ಎಂದು ಆರ್ಟಿಸ್ಟ್ ನನ್ನನ್ನು ಕೂಗಿ ಕರೆದರು. ಆತ ಬಂದದ್ದು ಗಂಗನನ್ನು ರೀಡಿಸೈನ್ ಮಾಡಿಸುವುದಕ್ಕೆ. ಟಿವಿ ನೋಡುವ ಮಕ್ಕಳಿಗೆ ಹಳೆಯ ಗಂಗ ಸಾಲದು. ಬೊಜ್ಜು ಹೋಗಬೇಕು, ಮೀಸೆ ಹೋಗಬೇಕು, ಜರ್ಕಿನ್ ಬರಬೇಕು, ಊಟದ ಮಾತು ಎತ್ತಲೇಬಾರದು. ಇನ್ನು ಒಳ್ಳೆಯ ಕಾಗದ ಬರುತ್ತದೆ, ಮೂಡ್ ಡಾರ್ಕ್ ಇರಬೇಕು. ಆಗದಿದ್ದರೆ ಪರವಾಗಿಲ್ಲ, ಗಂಗ ಪತ್ರಿಕೆಯ ಸ್ವತ್ತು, ಕಂಪ್ಯೂಟರಿನಲ್ಲಿ ಬರೆಯುವ ಹುಡುಗರು ಬೆಂಗಳೂರಿನಲ್ಲಿ ರೆಡಿ ಇದ್ದಾರೆ. ಇಷ್ಟನ್ನೂ ಬಹಳ ಪೊಲೈಟ್ ಆಗಿಯೇ ಹೇಳಿದ.

ಕಾರು ಹೋದ ಮೇಲೆ ಆರ್ಟಿಸ್ಟ್ ಕೇಳಿದ್ದು ಒಂದೇ. "ಊಟ ಆಯ್ತಾ ಅಂತ ಕೇಳ್ದೆ ಇದ್ರೆ ಅವ್ನು ಗಂಗ ಎಂಗಾದಾನು ಮಿಸ್ಸೇ?"

ಒಳಗಿನಿಂದ ಅವರ ಹೆಂಡತಿ, "ಯಾರಾದ್ರೂ ಆಗ್ಲಿ ಕಣ್ರೀ, ನಿಮ್ ಕೈಯಾಗೇ ಇರ್ಲಿ. ಬೊಜ್ಜು ಕರಗ್ಸೋದು ಏನ್ ಮಹಾ, ಅಂಗೇ ನಿಮ್ದೂ ಒಸಿ ಕರಗ್ಸಿ," ಎಂದರು.

ಆರ್ಟಿಸ್ಟ್ ನಗಲಿಲ್ಲ.

ಸ್ಯಾಂಪಲ್ ಮೇಲೆ ಸ್ಯಾಂಪಲ್ ಬರೆದರು. ಎರಡು ರಟ್ಟಿನ ನಡುವೆ ಕಟ್ಟಿ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬರುತ್ತಿದ್ದರು. ಅಷ್ಟೇ ಬೇಗ ವಾಪಸ್ಸು ಬರುತ್ತಿದ್ದವು. ಆಮೇಲೆ ಒಂದು ಕಂತು ವಾಪಸ್ಸು ಬರಲಿಲ್ಲ. ಅದರಲ್ಲಿ ಪ್ರತಿ ಚೌಕದ ನಾಲ್ಕೂ ಅಂಚಿನಿಂದ ಕಪ್ಪು ಒಳಗೆ ನುಗ್ಗಿ ಬಂದು, ನಡುವೆ ಉಳಿದ ಬೆಳಕಿನಲ್ಲಿ ಗಂಗ ಒಬ್ಬನೇ ನಿಂತಿದ್ದ. ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದ ಹಾಗಿತ್ತು. ಅವರಲ್ಲಿ ಫೋನ್ ಇರಲಿಲ್ಲ, ಎಡಿಟರ್ ನಮ್ಮ ಮನೆಗೇ ಮಾಡಿದ. "ಆಂಟಿ, ಅವರಿಗೆ ಹೇಳಿಬಿಡಿ, ದಿಸ್ ಈಸ್ ಇಟ್," ಎಂದ. ರಸ್ತೆ ದಾಟಿ ಹೋಗಿ ಹೇಳಿದೆ.

"ಗಂಗ ಉಳ್ಕೊಂಡ," ಎಂದರು ಆರ್ಟಿಸ್ಟ್, ಕುಂಚ ತೊಳೆಯುತ್ತಾ.

ತಿಂಗಳು ತಿಂಗಳಿಗೂ ಕಪ್ಪು ಬೆಳೆಯಿತು. ನಾವೆಲ್ಲ ಸ್ಟೈಲ್ ಅಂದುಕೊಂಡೆವು. ಅದೇ ದಿನಗಳಲ್ಲಿ ಅವರು ನಮ್ಮ ಗೇಟಿನ ಕಂಬಕ್ಕೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿಟ್ಟ ಕಾಫಿ ಲೋಟ ಉರುಳಿಸುವುದು, ಎದುರು ಸಿಕ್ಕಿ ನಮಸ್ಕಾರ ಮಾಡಿದವರನ್ನು ಗಮನಿಸದೆ ಹೋಗುವುದು... "ಫೇಮಸ್ ಆದ್ರಲ್ಲ, ಇನ್ ನಾವೆಲ್ ಕಾಣ್ತೀವಿ," ಎಂದು ಬೀದಿಯವರು ಆಡಿಕೊಂಡರು.

ಒಂದು ಮಧ್ಯಾಹ್ನ ಅವರ ಜಗಲಿಯಲ್ಲಿ, ಅವರ ಎಡಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತಿದ್ದೆ. ಮಾತು ನಿಂತು ಸ್ವಲ್ಪ ಹೊತ್ತಾಗಿತ್ತು. ಅವರು ಬರೆಯುತ್ತಲೇ ಒಳಗೆ ಕೂಗಿ ಹೆಂಡತಿಯನ್ನು ಕೇಳಿದರು, "ಮಿಸ್ಸು ಎದ್ದೋದ್ರೇನೇ?"

ಸುಮ್ಮನೆ ಕೆಮ್ಮಿದೆ. ಅವರು ಇಡೀ ತಲೆಯನ್ನು ನಿಧಾನವಾಗಿ, ನಾನು ಸಿಗುವ ತನಕ ತಿರುಗಿಸಿ, ನೋಡಿದರು.

"ಗೊತ್ತಾಗೋಯ್ತಾ?"

ಗ್ಲಾಕೋಮಾ. ಕಣ್ಣಿನೊಳಗೆ ಪ್ರೆಶರ್ ಏರಿ ದೃಷ್ಟಿ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿತ್ತು. ಹೋದದ್ದು ಬರುವುದಿಲ್ಲ, ಬೇಗ ಆಪರೇಷನ್ ಮಾಡಿಸಿದರೆ ಇರುವುದು ಉಳಿಯಬಹುದು ಎಂದು ಡಾಕ್ಟರ್ ಹೇಳಿದ್ದರಂತೆ. ಮಾಡಿಸಿದರೆ ಎರಡು ಮೂರು ಕಂತು ತಪ್ಪುತ್ತವೆ. ಮಾಡಿಸಿಕೊಳ್ಳಿ ಎಂದು ನಾನು ಬೇಡಿಕೊಂಡೆ.

"ನಾ ಮಲ್ಗಿದ್ರೆ ಗಂಗನ್ನ ಎತ್ತಾಕ್ಕೊಂಡ್ ಓಯ್ತಾರೆ ಮಿಸ್ಸೇ. ಅವ್ರಿಗೆ ಕತ್ಲೆ ಬೇಕಂತೆ. ನಂಗೆ ಕಾಣೋ ಅಷ್ಟನ್ನೇ ಬರ್ದು ಕಳಿಸ್ತಾ ಇವ್ನಿ. ಇನ್ನೊಂದ್ ವರ್ಷ ಆಗ್ಲಿ, ಆಮೇಲ್ ನೋಡೋವ."

ಇನ್ನೊಂದು ವರ್ಷ ಎಂದದ್ದು ಹಾಗೇ ಮುಂದಕ್ಕೆ ಹೋಯಿತು. ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ದಿನ, ನಲ್ಲಿಯ ಹತ್ತಿರ ಅವರ ಹೆಂಡತಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಉಗುರಿನ ಸಂದಿಯೆಲ್ಲ ಕಪ್ಪು.

"ಈಗ ಮಸಿ ತುಂಬೋದು ನಾನೇ ಮಿಸ್ಸಮ್ಮ. ಬಳೀತಾ ಓಯ್ತೀನಿ, ಸಾಕಾ ಅಂತೀನಿ. ಇನ್ನೊಸಿ ಒಳೀಕ್ ಬಾ ಅಂತಾರೆ. ಪ್ರತಿ ಸಲಾನೂ ಇನ್ನೊಸಿ ಒಳೀಕೆ..." ನೀರು ನಿಲ್ಲಿಸಿದರು. "ಎಲ್ಲೀಗಂಟ ಓಗಾದು, ಯೋಳಿ."

ಆರ್ಟಿಸ್ಟ್ ಬರೆದ ಕೊನೆಯ ಕಂತಿನಲ್ಲಿ ಪುಟವೆಲ್ಲ ಕಪ್ಪು. ನಡುವೆ ಹಳೆಯ ನಾಲ್ಕಾಣೆಯಗಲ ಗಂಗನ ಮುಖ. ಎಡಿಟರ್ ಅದನ್ನು ಮಾಸ್ಟರ್‌ಪೀಸ್ ಎಂದ. ಮುಂದಿನ ತಿಂಗಳು ಅವರು ಎಳೆದ ಗೆರೆ ಕಾಗದ ದಾಟಿ ಹಲಗೆಯ ಮೇಲೆ ಹೋಯಿತು. ಅವರಿಗೆ ತಿಳಿಯಲಿಲ್ಲ, ಹೆಂಡತಿ ಕೈ ಹಿಡಿದು ನಿಲ್ಲಿಸಿದರು. ಗಂಗ ಬೆಂಗಳೂರಿನ ಕಂಪ್ಯೂಟರಿಗೆ ಹೋದ. ಆಮೇಲಿನ ಕೆಲವು ವರ್ಷ ಆರ್ಟಿಸ್ಟ್ ಅದೇ ಜಗಲಿಯಲ್ಲಿ ಬೀದಿಗೆ ಮುಖ ಮಾಡಿ ಕೂತಿರುತ್ತಿದ್ದರು. ಹೆಜ್ಜೆ ಸದ್ದಿಗೆ ತಲೆ ತಿರುಗಿಸುವುದನ್ನೂ ಕೊನೆಗೆ ಬಿಟ್ಟರು... ಅವರು ಹೋದ ಮೇಲೆ ಹೆಂಡತಿ ಹೊಳೆನರಸೀಪುರದ ತಂಗಿಯ ಮನೆಗೆ ಹೊರಟುಹೋದರು. ಆಪರೇಷನ್ ಮಾಡಿಸಿದ್ದರೆ ಏನಾಗುತ್ತಿತ್ತೋ, ಐ ಡೋಂಟ್ ನೋ. ಆರ್ಟಿಸ್ಟ್, ಗಂಗ, ಇಬ್ಬರಲ್ಲಿ ಒಬ್ಬರಾದರೂ ಉಳಿಯುತ್ತಿದ್ದರೇನೋ.

ಈಗ ನಾನಿರುವುದು ಚನ್ನರಾಯಪಟ್ಟಣದಲ್ಲಿ. ಇಂಕಿನ ವಾಸನೆ ಮೂಗು ಬಿಡದೆ, ನಿನ್ನೆ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಆ ಪತ್ರಿಕೆ ಇದೆಯೇ ಎಂದು ಕೇಳಿದೆ. ಇತ್ತು. ಗಂಗನೂ ಇದ್ದ, ಬೈಕ್ ಮೇಲೆ. ಪ್ರತಿ ಚೌಕದ ಸುತ್ತ ಆ ಕಪ್ಪೂ ಇತ್ತು, ದುಂಡಗೆ, ನುಣ್ಣಗೆ.

"ಅದ್ ಗಂಗನ ಸ್ಟೈಲು ಕಣಮ್ಮ," ಎಂದ ಅಂಗಡಿಯವನು. "ಮೊದ್ಲಿಂದ್ಲೂ ಅಂಗೇ."

ಹೋದ ತಿಂಗಳಿನದೂ ಉಳಿದಿತ್ತು. ಎರಡನ್ನೂ ತಂದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಕನ್ನಡಕ ಒರೆಸಿಕೊಂಡು, ಪುಟಕ್ಕೆ ಪುಟ ಹೋಲಿಸಿದೆ. ಹೋದ ತಿಂಗಳು ಕಪ್ಪು ಎಲ್ಲಿ ನಿಂತಿತ್ತೋ ಈ ತಿಂಗಳೂ ಅಲ್ಲೇ ನಿಂತಿತ್ತು.