ಬೀಗಿತ್ತಿಗೆ ಗಂಟು ಕಟ್ಟಿದ ಮಾತ್ರೆ

ಸ್ವಲ್ಪ ತಾಳಿ, ನಿಮ್ಮ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವ ಮುಂಚೆ ಇದನ್ನು ಕೇಳಿ.

ರಾವಂದೂರಿನ ನಮ್ಮ ಸೋದರತ್ತೆಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮರುಕಳಿಸಿದಾಗ ಡಾಕ್ಟರು ಹಾರ್ಮೋನ್ ಮಾತ್ರೆ ಕೊಟ್ಟರು. ಗಡ್ಡೆ ಕುಗ್ಗಿತು. ಅಷ್ಟರಲ್ಲಿ ಮಿರ್ಲೆಯ ಬೀಗಿತ್ತಿಗೂ ಅದೇ ಕಾಯಿಲೆ ಮರುಕಳಿಸಿದೆ ಎಂದು ಸುದ್ದಿ ಬಂತು. ಹೊಗೆಸೊಪ್ಪಿನ ಸಸಿ ಮಿಕ್ಕರೂ ಬೀಗರಿಗೆ ಕಳಿಸುವ ಮನೆ ನಮ್ಮದು. ಅತ್ತೆ ಸಂಡಿಗೆಯ ಜೊತೆ ಮಾತ್ರೆಯನ್ನೂ ಗಂಟು ಕಟ್ಟಿದರು.

"ಅತ್ತೆ, ಅದನ್ನ ಕಳಿಸ್ಬ್ಯಾಡಿ ಬುಡಿ," ಎಂದೆ.

"ಯಾಕ್ಲಾ? ಮೊಬೈಲ್ ನೋಡ್ನೋಡಿ ಡಾಕ್ಟ್ರಾಗ್ಬುಟ್ಯಾ?"

ಓದಿಕೊಂಡಿದ್ದನ್ನು ಹೇಳಿದೆ. ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಎಂಬ ಪ್ರೋಟೀನು ಕ್ಯಾನ್ಸರ್ ಕೋಶದಲ್ಲಿದ್ದರೆ ಈ ಮಾತ್ರೆ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಅತ್ತೆಯ ಗಡ್ಡೆಯಲ್ಲಿ ಅದಿತ್ತು. "ಅವ್ರದ್ರಲ್ಲಿ ಐತೋ ಇಲ್ವೋ, ಟೆಸ್ಟ್ ಮಾಡಿಸ್ದೆ ಎಂಗ್ ಗೊತ್ತಾಯ್ತದೆ?"

ಅತ್ತೆ ಯೋಚಿಸಿದರು. "ಹೊಗೆಸೊಪ್ಪಿನ ಕುಡಿ ಮುರಿದು ಎಲೆ ಕಂಕುಳಲ್ಲಿ ಬರೋ ಬ್ಯಾಡದ ಚಿಗುರು ಸಾಯ್ಲಿ ಅಂತ ಎಣ್ಣೆ ಬುಡ್ತೀವಲ್ಲ, ಅದು ಚಿಗುರಿಗೆ ತಾಗ್ದಿದ್ರೆ ಚಿಗುರು ಸಾಯಾಕಿಲ್ಲ. ಅಂಗೇನ್ಲಾ?"

"ಅಂಗೇ ಕಣತ್ತೆ!"

ಕೂಡಲೇ ಫೋನ್ ಮಾಡಿದರು. "ಬೀಗಿತ್ತಮ್ಮಾ, ಸಂಡಿಗೆ ಬತ್ತದೆ, ಮಾತ್ರೆ ಬರಾಕಿಲ್ಲ. ಮೊದ್ಲು ಡಾಕ್ಟ್ರತ್ರ ರಿಸೆಪ್ಟರ್ ಟೆಸ್ಟ್ ಕೇಳಿ."

ಅವರು ಕೇಳಿದರು. ಅವರ ಗಡ್ಡೆಯಲ್ಲಿ ರಿಸೆಪ್ಟರ್ ಇರಲಿಲ್ಲ. ಡಾಕ್ಟರು ತಡಮಾಡದೆ ಕೀಮೋ ಶುರು ಮಾಡಿದರು. ನಮ್ಮ ಮಾತ್ರೆ ನಂಬಿ ಕೂತಿದ್ದರೆ ಆ ಹೊತ್ತೆಲ್ಲ ಹಾಳಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಟೆಸ್ಟ್ ಮಾಡಿಸಿದ್ದೀರಾ? ಏನಾಯಿತೆಂದು ಬರೆಯಿರಿ, ಅತ್ತೆಗೂ ಬೀಗಿತ್ತಿಗೂ ಓದಿ ಹೇಳುತ್ತೇನೆ.